ಮಂಜುಗಡ್ಡೆಯ ತಟ್ಟೆ: ಮಣ್ಣಿನಿಂದ ಲೋಹಕ್ಕೆ, ಲೋಹದಿಂದ ಪ್ಲಾಸ್ಟಿಕ್‌ಗೆ

ಏಪ್ರಿಲ್ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿ ಬಾಯಿ ಬಿಡುತ್ತದೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಿನಗಳಲ್ಲಿ ಪೇಟೆಯ ಓಣಿಗಳು ಮಧ್ಯಾಹ್ನ ಬಿಕೋ ಎನ್ನುತ್ತವೆ. ಬಂದ ಬೀಗರಿಗೆ ಚಹಾ ಕೊಡಲು ಮನಸ್ಸಾಗುವುದಿಲ್ಲ. ಲಿಂಬೆ ಶರಬತ್ತೋ ಮಜ್ಜಿಗೆಯೋ ಬೇಕು, ಅದರಲ್ಲಿ ನಾಲ್ಕು ತುಂಡು ಐಸ್ ಇದ್ದರೆ ಉಪಚಾರ ಪೂರ್ತಿ. ಆ ನಾಲ್ಕು ತುಂಡು ಹುಟ್ಟುವುದು ಫ್ರಿಜ್ಜಿನ ಮೇಲ್ಗೂಡಿನಲ್ಲಿರುವ ಒಂದು ಪುಟ್ಟ ತಟ್ಟೆಯಲ್ಲಿ. ಇಂದು ಅದು ಬಹುತೇಕ ಎಲ್ಲ ಮನೆಗಳಲ್ಲೂ ಪ್ಲಾಸ್ಟಿಕ್ಕಿನದು. ಹಿಂದೆ ಹಾಗಿರಲಿಲ್ಲ. ನೀರಿನ ಬಾಟಲಿ, ಊಟದ ಡಬ್ಬಿಗಳಲ್ಲಿ ಪ್ಲಾಸ್ಟಿಕ್ ಬಿಟ್ಟು ಸ್ಟೀಲಿಗೆ ಮರಳಿದ ಮನೆಗಳಲ್ಲಿ ಈಗ ಐಸ್ ತಟ್ಟೆಯ ಸರದಿಯೂ ಬಂದಿದೆ.

ಲೋಹದ ತಟ್ಟೆಯಲ್ಲಿ ಐಸ್ ಬೇಗ ಕಟ್ಟುತ್ತದೆ ಎಂಬ ಮಾತು ಹಳಬರಿಗೆ ಗೊತ್ತಿದ್ದದ್ದೇ. ಅದು ನಿಜವೇ? ನಿಜವಾದರೆ ಎಲ್ಲ ಫ್ರಿಜ್ಜಿನಲ್ಲೂ ನಿಜವೇ? ಇದಕ್ಕೆ ಉತ್ತರ ಬೇಕಾದರೆ ಫ್ರಿಜ್ಜಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ. ನೀರು ತಂಪಾಗುವುದೆಂದರೆ ಅದರೊಳಗಿನ ಶಾಖ ಬೇರೆಲ್ಲಿಗೋ ಹೋಗುವುದು. ಆ ಶಾಖ ಎಲ್ಲಿಗೆ ಹೋಗಬೇಕು ಎಂಬುದರ ಮೇಲೆ ಪಾತ್ರೆ ಮಣ್ಣಿನದಾಗಿರಬೇಕೋ ಲೋಹದ್ದಾಗಿರಬೇಕೋ ಎಂಬುದು ನಿಂತಿದೆ. ನಮ್ಮ ನಾಡಿನ ಹಿರಿಯರು ಇದನ್ನು ಪುಸ್ತಕ ಓದದೆಯೇ ಅರಿತಿದ್ದರು.

ಹರವಿಯ ತಂಪು

ಈ ಸೀಮೆಯ ಹಳೆಯ ತಂಪು ಎರಡು ಬಗೆಯದು. ಒಂದು ನೆಲದಾಳದ್ದು. ರೋಣ ಸೀಮೆಯ ಸೂಡಿಯಲ್ಲಿರುವ ಚಾಲುಕ್ಯರ ಕಾಲದ ನಾಗಕುಂಡದ ಮೆಟ್ಟಿಲಿಳಿದವರಿಗೆ, ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡದ ಅಂತರಗಂಗೆಗೆ ಕೈಯೊಡ್ಡಿದವರಿಗೆ ಅದರ ಪರಿಚಯವುಂಟು. ಇನ್ನೊಂದು ಮಣ್ಣಿನ ಹರವಿಯದು. ಹರವಿಯ ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಹೊರಗೆ ಆವಿಯಾಗುತ್ತದೆ; ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಇಲ್ಲಿ ಶಾಖ ಹೋಗುವುದು ಒಣ ಗಾಳಿಗೆ.

ಬಯಲುಸೀಮೆಯ ಬಿಸಿಲು ಸುಡುತ್ತದೆ ನಿಜ, ಆದರೆ ಹರವಿಗೆ ಅದು ಅನುಕೂಲ. ಉಷ್ಣಾಂಶ 40 ಡಿಗ್ರಿ ಇದ್ದು ಗಾಳಿಯ ತೇವಾಂಶ ಶೇ 20ರಷ್ಟೇ ಇದ್ದರೆ, ಆವಿಯಾಗುವಿಕೆಯಿಂದ ನೀರು ಸಿದ್ಧಾಂತದ ಪ್ರಕಾರ 22-23 ಡಿಗ್ರಿಯವರೆಗೂ ಇಳಿಯಬಲ್ಲದು. ಮಂಗಳೂರಿನಂಥ ತೇವದ ಊರಿನಲ್ಲಿ ಅದೇ ಹರವಿ ಅಷ್ಟು ಕೆಲಸ ಮಾಡದು. ಇಂಥ ಕಡೆ ತಾಮ್ರದ ಕೊಡ ಇಟ್ಟರೆ ನೀರು ಹರವಿಯಷ್ಟು ತಣ್ಣಗಾಗುವುದಿಲ್ಲ. ಲೋಹ ಬೆವರುವುದಿಲ್ಲ, ಹೊರಗಿನ ಬಿಸಿಯನ್ನು ಒಳಗೆ ಬಿಡುವುದರಲ್ಲಿ ಮಾತ್ರ ಅದು ಚುರುಕು. ಕುಡಿಯುವ ನೀರಿಗೆ ಹರವಿ, ಸ್ನಾನದ ನೀರು ಕಾಯಿಸಲು ತಾಮ್ರದ ಹಂಡೆ ಎಂಬ ಮನೆಯ ಏರ್ಪಾಡಿನಲ್ಲಿ ಈ ತಿಳಿವಳಿಕೆ ಇದೆ.

ಆದರೆ ಹರವಿ ಎಷ್ಟೇ ಬೆವರಿದರೂ ಈ ಹವೆಯಲ್ಲಿ ಐಸ್ ಆಗದು.

ಅಕ್ಬರನ ಹೂಜಿ, ಅಲಹಾಬಾದಿನ ಬಟ್ಟಲು

ಲೋಹದ ಪಾತ್ರೆ ತಂಪಿನ ಕೆಲಸಕ್ಕೆ ಬಂದದ್ದಕ್ಕೆ ಸೊಗಸಾದ ದಾಖಲೆಯೊಂದು ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿದೆ. ಅಕ್ಬರನಿಗೆ ಕುಡಿಯುವ ನೀರನ್ನು ತಂಪು ಮಾಡಲು ಪೆಟ್ಲುಪ್ಪು ಬಳಸುತ್ತಿದ್ದರಂತೆ. ಮದ್ದಿನಲ್ಲಿ ಬೆಂಕಿ ಹೊರಡಿಸುವ ವಸ್ತುವೇ ನೀರಿನಲ್ಲಿ ತಂಪು ತರುತ್ತದೆ ಎಂಬ ಬೆರಗು ಅಬುಲ್ ಫಜಲನಿಗೂ ಇದ್ದಂತಿದೆ. ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕಿ, ಅದರೊಳಗೆ ಒಂದು ಸೇರು ನೀರು ತುಂಬಿ ಬಾಯಿ ಮುಚ್ಚಿದ ಹೂಜಿಯನ್ನಿಟ್ಟು ಕಾಲು ಗಂಟೆ ಆಡಿಸುವುದು ಕ್ರಮ. ಉಪ್ಪು ಕರಗುವಾಗ ಸುತ್ತಲಿನ ನೀರು ತಣ್ಣಗಾಗಿ, ಹೂಜಿಯೊಳಗಿನ ಶಾಖವನ್ನು ಹೀರುತ್ತದೆ. ಆ ಹೂಜಿ ಎಂಥದ್ದಿರಬೇಕೆಂದು ಗ್ರಂಥ ಸ್ಪಷ್ಟವಾಗಿ ಹೇಳುತ್ತದೆ: ತವರದ ಮಿಶ್ರಲೋಹ, ಬೆಳ್ಳಿ ಅಥವಾ ಅಂಥ ಬೇರೆ ಲೋಹದ್ದು. ಮಣ್ಣಿನದಲ್ಲ! ಶಾಖ ಇಲ್ಲಿ ಗಾಳಿಗಲ್ಲ, ಪಾತ್ರೆಯ ಗೋಡೆ ದಾಟಿ ಪಕ್ಕದ ತಣ್ಣೀರಿಗೆ ಹೋಗಬೇಕು. ಗೋಡೆ ಅಡ್ಡ ನಿಲ್ಲಬಾರದು. 1586ರಲ್ಲಿ ದರ್ಬಾರು ಪಂಜಾಬಿಗೆ ಹೋದ ಮೇಲೆ ಬೆಟ್ಟದ ಹಿಮವೇ ಲಾಹೋರಿಗೆ ಬರತೊಡಗಿತು.

ಇದಕ್ಕೆ ತೀರ ಬೇರೆಯಾದ ಇನ್ನೊಂದು ವಿಧಾನವನ್ನು ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಅಲಹಾಬಾದಿನ ಸುತ್ತ ಕೆರೆಕುಂಟೆಗಳಲ್ಲಿ ತಾನಾಗಿ ಮಂಜುಗಡ್ಡೆ ಕಟ್ಟಿದ್ದನ್ನು ಅವನು ಕಂಡಿರಲಿಲ್ಲ. ಆದರೂ ಅಲ್ಲಿನ ಕೆಲಸಗಾರರು ಚಳಿಗಾಲದ ರಾತ್ರಿಗಳಲ್ಲಿ ಐಸ್ ತಯಾರಿಸುತ್ತಿದ್ದರು. ಮೂವತ್ತು ಅಡಿ ಚೌಕದ, ಎರಡು ಅಡಿ ಆಳದ ಗುಂಡಿ ತೋಡಿ, ತಳಕ್ಕೆ ಒಣಗಿದ ಕಬ್ಬಿನ ದಂಟನ್ನೋ ಜೋಳದ ಕಣಿಕೆಯನ್ನೋ ಗೇಣುದ್ದ ಹಾಸುತ್ತಿದ್ದರು. ಅದರ ಮೇಲೆ ಸಾಲುಸಾಲಾಗಿ ಕಾಲು ಅಂಗುಲ ದಪ್ಪದ, ಒಂದೂಕಾಲು ಅಂಗುಲ ಆಳದ ಮಣ್ಣಿನ ಬಟ್ಟಲು. ಕಾಯಿಸಿ ಆರಿಸಿದ ನೀರನ್ನು ಸಂಜೆ ತುಂಬಿಟ್ಟು, ಸೂರ್ಯ ಹುಟ್ಟುವ ಮೊದಲೇ ಐಸ್ ಆರಿಸಿಕೊಳ್ಳುವುದು.

ಇದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆ ಯುರೋಪಿನ ವಿದ್ವಾಂಸರನ್ನು ಬಹುಕಾಲ ಕಾಡಿತು. ಆವಿಯಾಗುವುದರಿಂದ ಎಂದರು ಹಲವರು. ಇಬ್ಬನಿಯ ಬಗ್ಗೆ 1814ರಲ್ಲಿ ಪ್ರಸಿದ್ಧ ಪ್ರಬಂಧ ಬರೆದ ವಿಲಿಯಂ ಚಾರ್ಲ್ಸ್ ವೆಲ್ಸ್ ಬೇರೆ ಕಾರಣ ಕೊಟ್ಟ. ಆವಿಯಾಗುವುದೇ ಕಾರಣವಾದರೆ ಗಾಳಿ ಬೀಸಿದಾಗ ಹೆಚ್ಚು ಐಸ್ ಸಿಗಬೇಕಿತ್ತು; ಆದರೆ ಒಳ್ಳೆಯ ಫಸಲು ಬರುತ್ತಿದ್ದುದು ಗಾಳಿಯಾಡದ, ಮೋಡವಿಲ್ಲದ ರಾತ್ರಿ. ನೀರಿನ ಶಾಖ ತೆರೆದ ಆಕಾಶಕ್ಕೆ ವಿಕಿರಣವಾಗಿ ಹೋಗುತ್ತಿತ್ತು. ಕೆಳಗಿನ ನೆಲದ ಬಿಸಿ ಮೇಲೆ ಬರದಂತೆ ಕಣಿಕೆಯ ಹಾಸು ತಡೆಯುತ್ತಿತ್ತು. ಮಣ್ಣಿನ ಬಟ್ಟಲಿಗೆ ಇಲ್ಲಿ ಅಡ್ಡಿಯಿಲ್ಲ. ಶಾಖ ಹೋಗುವ ದಾರಿ ಬಟ್ಟಲ ಬಾಯಿಂದ ಮೇಲಕ್ಕೆ, ಗೋಡೆಯ ಮೂಲಕವಲ್ಲ. ರೋಣದ ಚಳಿಗಾಲದ ರಾತ್ರಿ ಇಂಥ ಕೆಲಸಕ್ಕೆ ಸಾಲುವಷ್ಟು ತಣ್ಣಗಾಗುವುದಿಲ್ಲ. ಇಲ್ಲವಾದರೆ ನಮ್ಮ ಬಿಳಿಜೋಳದ ಕಣಿಕೆಗೂ ದನದ ಕೊಟ್ಟಿಗೆಯಾಚೆ ಒಂದು ಉದ್ಯೋಗ ಇರುತ್ತಿತ್ತು.

ಮುಂದಿನ ಅಧ್ಯಾಯ ಅಮೆರಿಕದ ಫ್ರೆಡರಿಕ್ ಟ್ಯೂಡರನದು. ಬಾಸ್ಟನ್ ಸುತ್ತಲಿನ ಹೆಪ್ಪುಗಟ್ಟಿದ ಕೆರೆಗಳ ಐಸನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿನಲ್ಲಿ ಕಳಿಸುವುದು ಅವನ ವ್ಯಾಪಾರ. 1833ರ ಮೇ ತಿಂಗಳಲ್ಲಿ 180 ಟನ್ ಐಸ್ ಹೊತ್ತು ಹೊರಟ 'ಟಸ್ಕನಿ' ಹಡಗು ಸೆಪ್ಟೆಂಬರಿನಲ್ಲಿ ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಆ ವ್ಯಾಪಾರದ ಗುರುತು. ಇಂದು ಅದು ವಿವೇಕಾನಂದರ ಹೆಸರಿನಲ್ಲಿದೆ. 1870ರ ದಶಕದ ಕೊನೆಯಲ್ಲಿ ಕಲ್ಕತ್ತೆಯಲ್ಲೇ ಯಂತ್ರದಿಂದ ಐಸ್ ತಯಾರಾಗತೊಡಗಿ ಹಡಗಿನ ಐಸಿಗೆ ಕೇಳುವವರಿಲ್ಲವಾಯಿತು.

ಯಂತ್ರ ಬಂದೊಡನೆ ಅಕ್ಬರನ ಹೂಜಿಯ ತತ್ವ ಮರಳಿತು. ಐಸ್ ಫ್ಯಾಕ್ಟರಿಯೊಳಗೆ ಹೊಕ್ಕು ನೋಡಿದವರಿಗೆ ಗೊತ್ತು: ದೊಡ್ಡ ತೊಟ್ಟಿಯಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಸಿದ ಉಪ್ಪುನೀರು, ಅದರೊಳಗೆ ಸಾಲಾಗಿ ಇಳಿಬಿಟ್ಟ ಸತುವಿನ ಲೇಪದ ತಗಡಿನ ಡಬ್ಬಗಳು. ಡಬ್ಬದ ತಳ ಬಾಯಿಗಿಂತ ಕೊಂಚ ಕಿರಿದು. ಗಡ್ಡೆ ಕಟ್ಟಿದ ಡಬ್ಬವನ್ನು ಸಾದಾ ನೀರಿನಲ್ಲಿ ಅದ್ದಿ ಬೋರಲು ಹಾಕಿದರೆ ಐಸ್ ಜಾರಿ ಬೀಳುತ್ತದೆ. ಸೈಕಲ್ಲಿನ ಮೇಲೆ ಗಂಟೆ ಬಾರಿಸುತ್ತ ಬರುವ ಐಸ್ ಕ್ಯಾಂಡಿಯ ಅಚ್ಚೂ ಲೋಹದ್ದೇ, ಕುಲ್ಫಿಯ ಅಚ್ಚೂ ಲೋಹದ್ದೇ. ದೊಡ್ಡ ಗಡ್ಡೆ ಕಟ್ಟಲು ಎರಡು ದಿನ ಹಿಡಿಯುತ್ತದೆ. ಕಾರಣ, ಮೊದಲು ಕಟ್ಟಿದ ಐಸೇ ಮುಂದಿನ ಐಸಿಗೆ ಅಡ್ಡಗೋಡೆ. ದಪ್ಪ ಎರಡು ಪಟ್ಟಾದರೆ ಹಿಡಿಯುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಮನೆಯ ತಟ್ಟೆಗೂ ಇದೇ ಲೆಕ್ಕ. ಅವಸರವಿದ್ದಾಗ ತಟ್ಟೆಯನ್ನು ಅರ್ಧವೇ ತುಂಬಬೇಕು.

ಮನೆಗೆ ಬಂದ ತಟ್ಟೆ

ಮನೆಯ ಫ್ರಿಜ್ಜಿನಲ್ಲಿ ಐಸ್ ತಟ್ಟೆ ಕಾಣಿಸಿಕೊಂಡದ್ದು ಅಮೆರಿಕದಲ್ಲಿ, 1913-14ರ ಸುಮಾರಿಗೆ ಷಿಕಾಗೊದಲ್ಲಿ ಮಾರಾಟಕ್ಕೆ ಬಂದ 'ಡೊಮೆಲ್ರೆ' ಎಂಬ ಯಂತ್ರದೊಂದಿಗೆ. ಲೋಹದ ತಟ್ಟೆಯಲ್ಲಿ ಐಸ್ ಕಟ್ಟುವುದು ಸುಲಭ, ಬಿಡಿಸುವುದು ಕಷ್ಟ. ಮುಂದಿನ ಅರ್ಧ ಶತಮಾನ ತಟ್ಟೆ ಮಾಡುವವರು ತಲೆ ಕೆಡಿಸಿಕೊಂಡದ್ದು ಬಿಡಿಸುವ ವಿಷಯಕ್ಕೇ. ಲಾಯ್ಡ್ ಕೋಪ್‌ಮನ್ ಎಂಬಾತ ಕೆಸರು ಹಿಮದಲ್ಲಿ ನಡೆಯುವಾಗ ತನ್ನ ರಬ್ಬರ್ ಬೂಟಿನಿಂದ ಐಸ್ ತಾನಾಗಿ ಉದುರುವುದನ್ನು ಕಂಡು ರಬ್ಬರಿನ ತಟ್ಟೆ ಮಾಡಿ ಹಣ ಮಾಡಿದ. 1933ರಲ್ಲಿ ಗೈ ಟಿಂಕಮ್ ಬಗ್ಗಿಸಿದರೆ ಐಸ್ ಸಿಡಿದು ಬರುವ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ತಂದ. ಅದಾದ ಮೇಲೆ ಬಂದು ಮನೆಮಾತಾದದ್ದು ಅಲ್ಯುಮಿನಿಯಂ ತಟ್ಟೆ: ಒಳಗೆ ತೆಗೆಯಬಹುದಾದ ಅಡ್ಡಪಟ್ಟಿಗಳ ಜಾಲರಿ, ಮೇಲೊಂದು ಹಿಡಿ. ಹಿಡಿಯನ್ನು ಮೇಲೆತ್ತಿದರೆ ಪಟ್ಟಿಗಳು ವಾಲಿ, ಲಟಲಟ ಸದ್ದಿನೊಂದಿಗೆ ಐಸ್ ಬಿಟ್ಟುಕೊಳ್ಳುತ್ತದೆ.

ಅಲ್ಯುಮಿನಿಯಂ ನಮ್ಮವರಿಗೆ ಹೊಸದಾಗಿರಲಿಲ್ಲ. ಈ ಭಾಗದಲ್ಲಿ ಅದಕ್ಕೆ 'ಜರ್ಮನ್' ಎಂದೇ ಹೆಸರು. ಜರ್ಮನ್ ಪಾತ್ರೆ ಎಂದರೆ ಅಲ್ಯುಮಿನಿಯಂ ಪಾತ್ರೆ. ಹೆಸರು ಜರ್ಮನ್ ಆದರೂ ಭಾರತದಲ್ಲಿ ಈ ಪಾತ್ರೆಗಳ ತಯಾರಿಕೆಗೆ ಅಡಿಪಾಯ ಹಾಕಿದವನು ಇಂಗ್ಲಿಷಿನವ. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಈ ಕೆಲಸ ಆರಂಭಿಸಿದ. ಅದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಗಂಧದೆಣ್ಣೆ ಕಾರ್ಖಾನೆಯ ಸ್ಥಾಪನೆಯಲ್ಲಿ ಪಾಲುಗೊಂಡವನು. ಕಲಾಯಿಯ ಗೊಡವೆಯಿಲ್ಲದ, ಹಗುರಾದ, ಅಗ್ಗದ ಈ ಪಾತ್ರೆ ತಾಮ್ರ ಹಿತ್ತಾಳೆ ಕೊಳ್ಳಲಾರದ ಮನೆಗಳ ಒಲೆಯ ಮೇಲೆ ಬೇಗ ಸ್ಥಾನ ಹಿಡಿಯಿತು.

ಗೋದ್ರೆಜ್ ಕಂಪನಿ ಭಾರತದಲ್ಲೇ ತಯಾರಾದ ಮೊದಲ ರೆಫ್ರಿಜರೇಟರನ್ನು ಹೊರತಂದದ್ದು 1958ರಲ್ಲಿ. ಆದರೂ ದಶಕಗಳ ಕಾಲ ಫ್ರಿಜ್ಜೆಂಬುದು ಡಾಕ್ಟರು, ವಕೀಲರು, ಅಡತಿ ಅಂಗಡಿಯ ಸಾವುಕಾರರ ಮನೆಯ ವಸ್ತುವಾಗಿತ್ತು. ಮದುವೆ ಮುಂಜಿಗೆ ಐಸ್ ಬೇಕಾದರೆ ಗೋಣಿಚೀಲದಲ್ಲಿ ಸುತ್ತಿದ ಗಡ್ಡೆಯನ್ನೇ ತರಿಸಬೇಕು. ನರಗುಂದ, ಗಜೇಂದ್ರಗಡಗಳಿಗೆ ರೈಲು ಹಳಿಯೂ ಬರಲಿಲ್ಲ. ಬಸ್ಸು, ಲಾರಿಗಳೇ ಗತಿ. ಫ್ರಿಜ್ ಮಧ್ಯಮ ವರ್ಗದ ಮನೆಗಳಿಗೆ ಇಳಿದು ಬರುವ ಹೊತ್ತಿಗೆ ಅದರೊಳಗಿನ ತಟ್ಟೆ ಪ್ಲಾಸ್ಟಿಕ್ ಆಗಿತ್ತು. ಹಾಗಾಗಿ ಇಲ್ಲಿನ ಬಹಳಷ್ಟು ಮನೆಗಳು ಅಲ್ಯುಮಿನಿಯಂ ತಟ್ಟೆಯನ್ನು ಕಂಡೇ ಇಲ್ಲ.

ಪ್ಲಾಸ್ಟಿಕ್ ಗೆದ್ದದ್ದು ಐಸ್ ಬೇಗ ಕಟ್ಟುತ್ತದೆಂದಲ್ಲ. ಅಗ್ಗ, ಹಗುರ, ತಿರುಚಿದರೆ ಐಸ್ ಬಿಡುತ್ತದೆ, ಒದ್ದೆ ಕೈ ಅಂಟಿಕೊಳ್ಳುವುದಿಲ್ಲ. ಫ್ರೀಜರಿನಿಂದ ತೆಗೆದ ಲೋಹದ ತಟ್ಟೆಗೆ ಒದ್ದೆ ಬೆರಳು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಫ್ರಿಜ್ ತಯಾರಕರಿಗೂ ಒಂದೇ ಅಚ್ಚಿನಲ್ಲಿ ಸಾವಿರಾರು ತಟ್ಟೆ ಒತ್ತುವುದು ಲಾಭದ ಬಾಬತ್ತು. ಮಾತ್ರವಲ್ಲ, ಮಕ್ಕಳ ಕೈಯಿಂದ ಬಿದ್ದರೆ ತಗ್ಗು ಬೀಳದು.

ಲೆಕ್ಕ ಏನು ಹೇಳುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶಾಖವನ್ನು ಸಾಗಿಸುವುದರಲ್ಲಿ ಅಲ್ಯುಮಿನಿಯಂ ಪ್ಲಾಸ್ಟಿಕ್ಕಿಗಿಂತ ಸುಮಾರು 1000 ಪಟ್ಟು ಮುಂದೆ. ಸ್ಟೇನ್‌ಲೆಸ್ ಸ್ಟೀಲ್ ಲೋಹಗಳಲ್ಲಿ ಮಂದಗತಿಯದು, ಆದರೂ ಪ್ಲಾಸ್ಟಿಕ್ಕಿಗಿಂತ ಸುಮಾರು 75 ಪಟ್ಟು ಉತ್ತಮ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತಳವು ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆಯಷ್ಟು ಅಡ್ಡಿ ಮಾಡುತ್ತದೆ. ಎಂದರೆ, ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟ ನೀರು ಗಡ್ಡೆ ಕಟ್ಟಲು ಶುರುವಾಗುವ ಮೊದಲೇ ಒಂದು ಸೆಂಟಿಮೀಟರಿನ ಅಡ್ಡಗೋಡೆ ಎದ್ದು ನಿಂತಿರುತ್ತದೆ. ಲೋಹದ ತಟ್ಟೆಯಲ್ಲಿ ಆ ಗೋಡೆಯೇ ಇಲ್ಲ. ತೆಳುವಾದ ಸ್ಟೀಲಿಗೂ ಅಲ್ಯುಮಿನಿಯಂಗೂ ತಳದ ಮಟ್ಟಿಗೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನಡುವಿನ ಪಟ್ಟಿಗಳ ಮೂಲಕ ತಂಪನ್ನು ಮೇಲಕ್ಕೊಯ್ಯುವುದರಲ್ಲಿ ಮಾತ್ರ ಅಲ್ಯುಮಿನಿಯಂ ಚುರುಕು.

ಇಷ್ಟು ಕೇಳಿ ಅಂಗಡಿಗೆ ಓಡುವ ಮೊದಲು ಮನೆಯ ಫ್ರಿಜ್ಜನ್ನೊಮ್ಮೆ ನೋಡಬೇಕು. ಸಣ್ಣ ಊರುಗಳಲ್ಲಿ ಸಾಮಾನ್ಯವಾದ ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮೇಲಿನ ಗೂಡಿನ ಗೋಡೆಗಳೊಳಗೇ ತಂಪು ಮಾಡುವ ಅನಿಲ ಹರಿಯುತ್ತದೆ. ಗೂಡಿನ ನೆಲವೇ ಅತಿ ತಣ್ಣನೆಯ ಜಾಗ. ಅದರ ಮೇಲೆ ಸಪಾಟು ತಳದ ಲೋಹದ ತಟ್ಟೆಯನ್ನು ಕೂರಿಸಿದರೆ ಅಕ್ಬರನ ಹೂಜಿ ಪೆಟ್ಲುಪ್ಪಿನ ನೀರಿನಲ್ಲಿ ಇದ್ದಂತೆಯೇ. ಇಂಥ ಫ್ರಿಜ್ಜಿನಲ್ಲಿ ಲೋಹದ ತಟ್ಟೆ ನಿಜಕ್ಕೂ ಬೇಗ ಐಸ್ ಕೊಡುತ್ತದೆ. ಹಿಮ ಕಟ್ಟದ, ಎರಡು ಬಾಗಿಲಿನ ಫ್ರಿಜ್ಜಿನ ಕಥೆ ಬೇರೆ. ಅಲ್ಲಿ ತಣ್ಣನೆಯ ಕೊಳವೆಗಳು ಹಿಂದೆಲ್ಲೋ ಇದ್ದು, ಫ್ಯಾನು ಗಾಳಿಯನ್ನು ತಳ್ಳುತ್ತದೆ; ತಟ್ಟೆ ಕೂರುವುದು ಪ್ಲಾಸ್ಟಿಕ್ ಅಥವಾ ಗಾಜಿನ ಹಲಗೆಯ ಮೇಲೆ. ಶಾಖ ಹೋಗಬೇಕಾದದ್ದು ಗಾಳಿಗೆ, ಮತ್ತು ಗಾಳಿಯೇ ಮಂದ. ಅಂಥ ಕಡೆ ದುಡ್ಡು ಕೊಟ್ಟು ಸ್ಟೀಲ್ ತಟ್ಟೆ ತಂದವರಿಗೆ ವೇಗದ ವಿಷಯದಲ್ಲಿ ಸಿಗುವ ಲಾಭ ಅಲ್ಪ. ಮಾರುವವರು ಇದನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಒಂದೇ ಬಾಗಿಲಿನ ಫ್ರಿಜ್ಜಿನಲ್ಲೂ ತಟ್ಟೆ ಮತ್ತು ನೆಲದ ನಡುವೆ ಸಂದು ಇರಬಾರದು. ಒಂದು ಮಿಲಿಮೀಟರ್ ನಿಂತ ಗಾಳಿ ಎಂಟು ಮಿಲಿಮೀಟರ್ ಪ್ಲಾಸ್ಟಿಕ್ಕಿಗೆ ಸಮ. ಬಿಳಿ ಹಿಮ ಗೇಣು ಬೆಳೆದ ಗೂಡಿನಲ್ಲಿ ಬೆಳ್ಳಿಯ ತಟ್ಟೆ ಇಟ್ಟರೂ ಪ್ರಯೋಜನವಿಲ್ಲ. ಆ ಹಿಮದೊಳಗೆ ತುಂಬಿರುವುದು ಗಾಳಿಯೇ.

ಬೇಗ ಕಟ್ಟಿದರೆ ಬಂದದ್ದೇನು ಎನ್ನಬಹುದು. ಬೆಂಗಳೂರಿನ ಮನೆಗೆ ಅದು ದೊಡ್ಡ ಮಾತಲ್ಲ. ಕರೆಂಟು ಬಂದು ಹೋಗಿ ಆಡುವ ಊರಿಗೆ ಮಾತು ಬೇರೆ. 2023ರ ಬರಗಾಲದಲ್ಲಿ ರಾಜ್ಯಕ್ಕೆ ವಿದ್ಯುತ್ ಕೊರತೆ ಬಿದ್ದದ್ದು ಇನ್ನೂ ನೆನಪಿದೆ. ನೀರು 30 ಡಿಗ್ರಿಯಿಂದ ಸೊನ್ನೆಗೆ ಇಳಿಯಲು ಗ್ರಾಮಿಗೆ 30 ಕ್ಯಾಲೊರಿ ಬಿಟ್ಟುಕೊಟ್ಟರೆ, ಸೊನ್ನೆಯಲ್ಲೇ ನಿಂತು ಗಡ್ಡೆಯಾಗಲು ಇನ್ನೂ 80 ಕ್ಯಾಲೊರಿ ಬಿಡಬೇಕು. ಕರೆಂಟು ಇದ್ದ ಹೊತ್ತಿನಲ್ಲಿ ಆ ಕೆಲಸ ಮುಗಿದಿದ್ದರೆ, ಕರೆಂಟು ಹೋದ ಮೇಲೆ ಅಷ್ಟೇ ಶಾಖವನ್ನು ಹೀರಿಕೊಂಡು ಐಸ್ ಮೇಲಿನ ಗೂಡನ್ನೂ ಅದರ ಕೆಳಗಿನ ಹಾಲನ್ನೂ ಕಾಯುತ್ತದೆ. ಅರ್ಧ ಕಟ್ಟಿದ ನೀರಿಗೆ ಆ ಶಕ್ತಿ ಅರ್ಧವೇ. ಇನ್ಸುಲಿನ್ ಇಟ್ಟುಕೊಂಡ ಮನೆಗಳಿಗೆ ಇದು ಶರಬತ್ತಿಗಿಂತ ಮುಖ್ಯವಾದ ಸಂಗತಿ. ಔಷಧಿಯನ್ನು ಮಾತ್ರ ಫ್ರೀಜರಿನಲ್ಲಿಡದೆ ಕೆಳಗಿನ ಖಾನೆಯಲ್ಲೇ ಇಡಬೇಕು.

ಆರೋಗ್ಯದ ಮಾತಿಗೆ ಬಂದರೆ, ಪ್ಲಾಸ್ಟಿಕ್ಕಿನಿಂದ ರಾಸಾಯನಿಕ ಹೊರಬರುವುದು ಬಿಸಿಯಲ್ಲಿ ಹೆಚ್ಚು, ತಂಪಿನಲ್ಲಿ ಕಡಿಮೆ. ಬಿಸಿ ಸಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದು ಐಸ್ ತಟ್ಟೆಯ ಬಗ್ಗೆ ಚಿಂತಿಸುವುದರಲ್ಲಿ ಅರ್ಥವಿಲ್ಲ. ಆದರೆ ವರ್ಷಗಟ್ಟಲೆ ತಿರುಚಿ ತಿರುಚಿ ಬಿರುಕು ಬಿಟ್ಟ ತಟ್ಟೆಯಿಂದ ಚೂರು ಉದುರುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಎಸೆಯುವುದೇ ಮೇಲು. ಹಳೆಯ ಪ್ಲಾಸ್ಟಿಕ್ ಬಳ್ಳೊಳ್ಳಿ ಚಟ್ನಿಯ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಲೋಹಕ್ಕೆ ಆ ಚಾಳಿ ಇಲ್ಲ. ಅಲ್ಯುಮಿನಿಯಂಗೂ ಒಂದು ದೋಷವುಂಟು: ಲಿಂಬೆರಸ, ಹುಣಸೆ ಪಾನಕ, ಮಜ್ಜಿಗೆಯಂಥ ಹುಳಿ ಪದಾರ್ಥಗಳನ್ನು ಅದರಲ್ಲಿ ಗಡ್ಡೆ ಕಟ್ಟಿಸಬಾರದು, ಹುಳಿ ಲೋಹವನ್ನು ತಿನ್ನುತ್ತದೆ. ನೀರಿಗೆ ಅಡ್ಡಿಯಿಲ್ಲ. ಸ್ಟೀಲಿಗೆ ಈ ಕಟ್ಟುಪಾಡು ಬೇಡ.

ಲೋಹದ ತಟ್ಟೆ ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ತಳದಲ್ಲಿ ನೀರು ಚೆಲ್ಲಿದ್ದರೆ ತಟ್ಟೆ ಗೂಡಿನ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಚಾಕುವಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಮೀಟುವುದು ಹಳೆಯ ಕಾಲದಿಂದ ಬಂದ ಕೆಟ್ಟ ರೂಢಿ. ಗೂಡಿನ ಗೋಡೆ ತೆಳು ಅಲ್ಯುಮಿನಿಯಂ. ಅದರೊಳಗೇ ಅನಿಲದ ನಾಳಗಳಿವೆ. ತುದಿ ತಾಗಿ ತೂತಾದರೆ ಅನಿಲವೆಲ್ಲ ಹೊರಟುಹೋಗಿ ಫ್ರಿಜ್ ಬರಿಯ ಕಪಾಟಾಗುತ್ತದೆ. ಈಚಿನ ಹಲವು ಫ್ರಿಜ್ಜುಗಳಲ್ಲಿ ತುಂಬುವ ಅನಿಲ ಬೆಂಕಿ ಹಿಡಿಯುವಂಥದ್ದು ಬೇರೆ. ಸ್ವಿಚ್ ಆರಿಸಿ ಹತ್ತು ನಿಮಿಷ ಬಾಗಿಲು ತೆರೆದಿಟ್ಟು, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಟ್ಟೆಯ ಅಂಚಿಗೆ ಸುತ್ತಿದರೆ ಅದು ತಾನಾಗಿ ಬಿಡುತ್ತದೆ. ತಟ್ಟೆ ಇಡುವ ಮೊದಲು ತಳವನ್ನು ಒಣಬಟ್ಟೆಯಿಂದ ಒರೆಸಿಟ್ಟರೆ ಅಷ್ಟೂ ಬೇಕಾಗುವುದಿಲ್ಲ.